ಅಂಚೆಯವನು ಸುಳ್ಳು ಹೇಳಿರಲಿಲ್ಲ

ಆ ಎರಡು ಹಳದಿ ಲಕೋಟೆಗಳು ಬಂದಿದ್ದವು. ಅಂಚೆಯವನು ಅವನ್ನು ಸರಿಯಾದ ದಿನವೇ, ಸರಿಯಾದ ಪೆಟ್ಟಿಗೆಗೇ ಹಾಕಿದ್ದ. ತೆಗೆದು ಬಚ್ಚಿಟ್ಟವನು ನಾನು.

ಹ್ಯಾನೋವರ್‌ನ ನಮ್ಮ ಕನ್ನಡ ಕೂಟದ ಕಳೆದ ದೀಪಾವಳಿಗೆ ಬಂದಿದ್ದವರಿಗೆ ನನ್ನ ಪರಿಚಯ ಬೇಕಿಲ್ಲ. ಎಡಗಾಲು ಎಳೆಯುತ್ತಾ ವೇದಿಕೆ ಹತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಗದಗಳನ್ನು ಗಾಳಿಗೆ ತೂರಿ, ‘ಎಲ್ಲಾ ತಲುಪಿದೆ, ನಾನೇ ಸಹಿ ಹಾಕಿದೀನಿ’ ಎಂದ ಜರ್ಮನ್ ಅಂಚೆಯವ — ಅದು ನಾನೇ, ಮೈಸೂರಿನ ಕಿರಣ, ಎಲ್ಲರ ದನಿ ಕದಿಯುವವನು. ನೀವು ನಕ್ಕಿರಿ. ಅಧ್ಯಕ್ಷರಂತೂ ಕೇಸರಿಬಾತು ಗಂಟಲಿಗೆ ಸಿಕ್ಕಿ ನೀರು ಕೇಳಿದರು. ಅದನ್ನೇ ಹಾಸ್ಯ ಲೇಖನ ಮಾಡಿ ಸ್ಮರಣ ಸಂಚಿಕೆಗೆ ಕೊಡು ಎಂದರು ಸಂಪಾದಕರು. ಕೂತೆ. ಮೂರು ಸಾಲು ಬರೆದೆ. ಓದಿದರೆ ಹೇಸಿಗೆಯಾಯಿತು — ಅದಕ್ಕೇ ಇದು.

ದಾವಣಗೆರೆಯ ಅಲ್ತಾಫ್ ಭಾಯ್ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ನಾನು ಓದಲು ಬಂದು, ರೂಮು ಸಿಗದೆ, ಇವರ ಸೋಫಾ ಅವರ ಸೋಫಾ ಎಂದು ಅಲೆಯುತ್ತಿದ್ದಾಗ ಅಡುಗೆಮನೆ ಪಕ್ಕದ ಸಣ್ಣ ಕೋಣೆ ಬಿಟ್ಟುಕೊಟ್ಟವರು. ಮನೆಯೊಳಗೆ ಇನ್ನೊಬ್ಬರನ್ನು ಇಟ್ಟುಕೊಳ್ಳಲು ಮಾಲೀಕರ ಒಪ್ಪಿಗೆ ಬೇಕು ಇಲ್ಲಿ. ಅವರು ಕೇಳಲಿಲ್ಲ. ‘ಎರಡು ತಿಂಗಳು ತಾನೇ, ಇರಲಿ ಬಿಡಲೇ’ ಅಂದರು. ಎಂಟು ತಿಂಗಳಾಯಿತು. ಶಬಾನಾ ಭಾಭಿ ನನ್ನ ಪಾಲಿನ ರೊಟ್ಟಿ ತೆಗೆದಿಡುತ್ತಿದ್ದರು. ನಾಲ್ಕು ವರ್ಷದ ಝೋಯಾಳಿಗೆ ನಾನು ದಿನವೂ ಯಾರಾದರೊಬ್ಬರನ್ನು ಮಾಡಿ ತೋರಿಸಬೇಕಿತ್ತು. ಮುಗಿದ ಕೂಡಲೇ ‘ನೋಖ್ ಮಾಲ್’ ಅನ್ನುವಳು — ಇನ್ನೊಂದು ಸಲ. ಅವಳ ಅಚ್ಚುಮೆಚ್ಚಿನವರು ಮನೆ ಮಾಲೀಕರು. ವಿಷಲ್ ಬರುವ ಮುಂಚೆ ಕುಕ್ಕರ್ ಉಸಿರೆಳೆಯುತ್ತದಲ್ಲ, ಅಂಥ ದನಿ ಆ ಮುದುಕರದು.

ಒಂದು ದಿನ ಅವರೇ ಮೆಟ್ಟಿಲ ಮೇಲೆ ಸಿಕ್ಕಿ ‘ನೀವು ಯಾರು?’ ಎಂದು ಕೇಳಿದರು. ಝೋಯಾ ನನ್ನ ಬೆರಳು ಹಿಡಿದಿದ್ದಳು. ಅವಳನ್ನು ನಗಿಸಬೇಕಿತ್ತು — ಇಲ್ಲ, ನನಗೇ ತಡೆಯಲಾಗಲಿಲ್ಲ. ಅವರದೇ ದನಿಯಲ್ಲಿ, ಅವರದೇ ಜರ್ಮನ್‌ನಲ್ಲಿ, ‘ನಾನು ಎಂಟು ತಿಂಗಳಿಂದ ಇಲ್ಲೇ ಇದ್ದೇನೆ. ತಾವು ಯಾರನ್ನು ನೋಡಲು ಬಂದಿರಿ?’ ಎಂದೆ. ಝೋಯಾ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವರು ನಗಲಿಲ್ಲ. ಮುಂದಿನ ವಾರ ಮನೆ ಖಾಲಿ ಮಾಡಿ ಎಂಬ ನೋಟಿಸ್ ಬಂತು.

ಅಲ್ತಾಫ್ ಭಾಯ್ ನನ್ನನ್ನು ಬೈಯಲಿಲ್ಲ. ಭಾಭಿಗೆ ಆಗ ಏಳು ತಿಂಗಳು. ಹೆರಿಗೆಗೆ ತವರಿಗೆ ಹೊರಟಿದ್ದರು. ಭಾಯ್ ಐದು ತಿಂಗಳು ರಜೆ ಹಾಕಿ, ಝೋಯಾಳನ್ನೂ ಕರೆದುಕೊಂಡು ಜೊತೆಗೆ ಹೊರಟರು. ಹೋಗುವಾಗ ಅಂಚೆಪೆಟ್ಟಿಗೆಯ ಕೀಲಿ ನನ್ನ ಕೈಗಿಟ್ಟರು.

‘ಲೇ ಕಿರಣ, ಹಳದಿ ಕವರ್ ಬಂದ್ರೆ ಅವತ್ತೇ ಫೋನ್ ಹಚ್ಚು. ಮುದುಕ ಕೋರ್ಟಿಗೆ ಹೋಗ್ತೀನಿ ಅಂದಾನೆ, ಅದು ಅಲ್ಲಿಂದ ಬರೋದು. ಉಳಿದಿದ್ದೆಲ್ಲ ಡ್ರಾಯರ್‌ನಾಗೆ ತುರುಕು. ನೀನು ಬೇರೆ ರೂಮ್ ಹಿಡ್ಕೊಂಡ್ರೆ ಕೇಸು ಗೆಲ್ಲಬಹುದು ಅಂತ ಲಾಯರ್ ಅಂದಾರೆ. ಟೈಮಿಗೆ ಸರಿಯಾಗಿ ಉತ್ತರ ಕೊಡ್ಬೇಕು, ಅಷ್ಟೆ.’

‘ಆಯ್ತು ಭಾಯ್’ ಎಂದೆ, ಅವರದೇ ದನಿಯಲ್ಲಿ. ಬೆನ್ನಿಗೊಂದು ಗುದ್ದು ಕೊಟ್ಟು ಟ್ಯಾಕ್ಸಿ ಹತ್ತಿದರು.

ಹಳದಿ ಲಕೋಟೆಯ ವಿಷಯ ಈ ದೇಶದಲ್ಲಿ ಇರುವವರಿಗೆ ಗೊತ್ತು. ಅಂಚೆಯವನು ಅದರ ಮೇಲೆ ಅವತ್ತಿನ ತಾರೀಕು ಬರೆದು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ನೀವು ತೆರೆಯಿರಿ, ಬಿಡಿ — ಕಾನೂನಿನ ಲೆಕ್ಕದಲ್ಲಿ ನಿಮಗೆ ತಲುಪಿತು. ಅಂದಿನಿಂದ ಎರಡು ವಾರದೊಳಗೆ ಕೋರ್ಟಿಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಎದುರಿನವರು ಹೇಳಿದ್ದೇ ನಿಜ.

ಎರಡನೇ ತಿಂಗಳಲ್ಲಿ ಮೊದಲನೆಯದು ಬಂತು. ನಾನು ಕಿಟಕಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಅಂಚೆಯವನು ಎಡಗಾಲು ಎಳೆಯುತ್ತಾ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಲಕೋಟೆಯನ್ನು ಸೀಟಿನ ಮೇಲಿಟ್ಟು, ಕನ್ನಡಕ ಇಳಿಸಿ, ತಾರೀಕು ಬರೆದ. ಬರೆದದ್ದನ್ನು ಇನ್ನೊಮ್ಮೆ ಓದಿದ. ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಪೆಟ್ಟಿಗೆಗೆ ಹಾಕಿದ.

ಫೋನ್ ಕೈಯಲ್ಲೇ ಇತ್ತು. ಆದರೆ ಫೋನ್ ಮಾಡಿದರೆ ಭಾಯ್ ‘ಇವತ್ತೇ ರೂಮ್ ಬಿಡಲೇ’ ಅನ್ನುತ್ತಾರೆ. ನನ್ನ ಥೀಸಿಸ್ ಮುಗಿಯಬೇಕಿತ್ತು, ಮತ್ತೆ ಸೋಫಾಗಳ ಮೇಲೆ... ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡು ಲಕೋಟೆಯನ್ನು ಸೂಟ್‌ಕೇಸಿನಲ್ಲಿ ಸ್ವೆಟರ್‌ಗಳ ಕೆಳಗೆ ಇಟ್ಟೆ. ವಾರ ಎರಡಾಯಿತು. ಎರಡು ಆದಮೇಲೆ ಹೇಳುವುದಕ್ಕೆ — ಏನು ಉಳಿದಿತ್ತು? ಮುಂದಿನ ತಿಂಗಳು ಎರಡನೆಯದು ಬಂತು: ತೀರ್ಪು, ಅದು ನನಗೆ ಗೊತ್ತಾದದ್ದು ಆಮೇಲೆ. ಅದಕ್ಕೂ ಎರಡು ವಾರದೊಳಗೆ ಆಕ್ಷೇಪ ಹಾಕಬಹುದಿತ್ತು. ಅದೂ ಸ್ವೆಟರ್ ಕೆಳಗೆ ಹೋಯಿತು. ವಾರಕ್ಕೊಮ್ಮೆ ವಿಡಿಯೋದಲ್ಲಿ ಭಾಯ್ ಕೇಳುತ್ತಿದ್ದರು: ‘ಹಳದಿ?’ ನಾನು ತಲೆಯಾಡಿಸಿ, ಮಾಲೀಕರ ದನಿ ತೆಗೆದು ಝೋಯಾಳನ್ನು ನಗಿಸುತ್ತಿದ್ದೆ.

ಮೂರನೆಯದು ಕೋರ್ಟ್ ಅಮೀನರಿಂದ ಬಂತು. ಜರ್ಮನ್‌ನಲ್ಲಿ ಅವರಿಗೆ ಗೆರಿಖ್ಟ್ಸ್‌ಫೋಲ್‌ತ್ಸೀಯರ್ ಅನ್ನುತ್ತಾರೆ. ಆ ಪದ ಹೇಳಿ ಮುಗಿಸುವಷ್ಟರಲ್ಲಿ ಬೀಗ ಬದಲಾಗಿರುತ್ತದೆ ಎಂಬ ಜೋಕು ನನ್ನದೇ. ಅದನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟೆ. ಅದನ್ನೇ ಧೈರ್ಯ ಎಂದುಕೊಂಡೆ. ಅಷ್ಟರಲ್ಲಿ ನನಗೆ ಬೇರೆ ಕಡೆ ಕೋಣೆ ಸಿಕ್ಕಿತ್ತು. ಸೂಟ್‌ಕೇಸ್ ಸಮೇತ ಹೋಗಿಯಾಗಿತ್ತು.

ಅವರು ಮೂರು ತಿಂಗಳ ಮಗುವಿನೊಂದಿಗೆ ಬಂದಿಳಿದ ದಿನ ಭಾಯ್ ಪೆಟ್ಟಿಗೆ ತೆರೆದರು. ಮನೆ ಬಿಡಲು ಒಂಬತ್ತು ದಿನ ಉಳಿದಿತ್ತು. ನನ್ನನ್ನು ಕರೆಸಿದರು, ಫೋನಿನ ಸ್ಪೀಕರ್‌ನಲ್ಲಿ ಲಾಯರಮ್ಮ ಇದ್ದರು. ಅವರು ಹೇಳಿದ್ದು ಇಷ್ಟು: ‘ಮುಂಚಿನ ಎರಡೂ ಪತ್ರಗಳನ್ನು ಹಾಕಿದ್ದೇನೆ ಎಂದು ಅಂಚೆಯವರು ಬರೆದುಕೊಟ್ಟಿದ್ದಾರೆ. ಬರಲೇ ಇಲ್ಲ ಎಂದರೆ ನ್ಯಾಯಾಧೀಶರು ನಂಬುವುದಿಲ್ಲ. ಮಧ್ಯದಲ್ಲಿ ಯಾರಾದರೂ ತೆಗೆದು, ನಿಮಗೆ ತಿಳಿಸದೆ ಇಟ್ಟುಕೊಂಡಿದ್ದರೆ ವಿಷಯ ಬೇರೆ. ಅವರು ಪ್ರಮಾಣ ಮಾಡಿ ಸಹಿ ಹಾಕಿದರೆ ಕೇಸನ್ನು ಮತ್ತೆ ತೆರೆಸಲು ಪ್ರಯತ್ನಿಸಬಹುದು.’

ಭಾಯ್ ನನ್ನ ಕಡೆ ತಿರುಗಿದರು. ಭುಜದ ಮೇಲೆ ಮಗು ಮಲಗಿತ್ತು.

‘ನೀನೇನಾದ್ರೂ ನೋಡಿದ್ಯೇನಲೇ? ಮರೆತು ಎಲ್ಲಾದ್ರೂ ಇಟ್ಟಿದ್ರೂ ಹೇಳಿಬಿಡು. ಸಿಟ್ಟು ಮಾಡಲ್ಲ.’

ಸಿಟ್ಟು ಮಾಡಲ್ಲ ಎಂದರು. ಅವರು ಮಾಡುತ್ತಲೂ ಇರಲಿಲ್ಲ. ನಾನು ಹೇಳಿದ್ದು —

‘ಇಲ್ಲ ಭಾಯ್. ಪಿಜ್ಜಾ ಅಂಗಡಿ ಚೀಟಿ ಬಿಟ್ರೆ ಏನೂ ಬರ್ಲಿಲ್ಲ.’

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಮನೆಯಲ್ಲಿ ಮೌನ. ನನಗೆ ಮೌನ ಆಗುವುದಿಲ್ಲ, ಅದೇ ನನ್ನ ರೋಗ. ಎದ್ದೆ. ಎಡಗಾಲು ಎಳೆದೆ, ಕನ್ನಡಕ ಇಳಿಸಿದೆ, ಇಲ್ಲದ ಸೈಕಲ್ಲಿನ ಸೀಟಿನ ಮೇಲೆ ತಾರೀಕು ಬರೆದು, ಲಕೋಟೆಯನ್ನು ಬೇಲಿಯಾಚೆ ಎಸೆದೆ. ಭಾಯ್ ಮಗು ಏಳದಂತೆ ತಡೆದು ತಡೆದು ನಕ್ಕರು. ‘ಈ ನನ್ಮಗ ಅಂಚೆಯವ್ನೇ ಮಾಡಿರೋದು ಇದು’ ಎಂದರು. ಝೋಯಾ ‘ನೋಖ್ ಮಾಲ್’ ಅಂದಳು. ನಾನು ಇನ್ನೊಂದು ಸಲ ಮಾಡಿದೆ.



ಭಾಯ್ ಅಂಚೆಯವನ ಮೇಲೆ ದೂರು ಬರೆದರು. ಅವರ ಜರ್ಮನ್ ತಿದ್ದಿಕೊಟ್ಟವನು ನಾನೇ. ಕೆಲವೇ ವಾರಗಳಲ್ಲಿ ಆ ಬೀದಿಗೆ ಬೇರೆ ಅಂಚೆಯವನು ಬಂದ. ದೂರಿನಿಂದಲೋ ಏನೋ — ಕೇಳುವ ಧೈರ್ಯ ನನಗೆ ಬಂದಿಲ್ಲ.

ಖಾಲಿ ಮಾಡುವ ದಿನ ಅಮೀನರಾಗಿ ಬಂದದ್ದು ಮೆತ್ತಗೆ ಮಾತಾಡುವ ಒಬ್ಬ ಹೆಂಗಸು, ಜೊತೆಗೊಬ್ಬ ಬೀಗದವನು. ಝೋಯಾ ತನ್ನ ಬಣ್ಣದ ಪೆನ್ಸಿಲ್‌ಗಳನ್ನು ಒಂದೊಂದಾಗಿ ಆರಿಸುವವರೆಗೂ ಆಕೆ ಬಾಗಿಲಲ್ಲಿ ಕಾದಳು. ಕೊನೆಗೆ ಅಂಚೆಪೆಟ್ಟಿಗೆಯ ಮೇಲಿದ್ದ ಹೆಸರಿನ ಚೀಟಿ ತೆಗೆದು ಭಾಯ್ ಕೈಗೆ ಕೊಟ್ಟಳು. ನಾನು ಮಗುವಿನ ತೊಟ್ಟಿಲು ಹೊತ್ತು ಕೆಳಗಿಳಿಸಿದೆ. ‘ನೀನಿದ್ದೀಯಲ್ಲ ಕಿರಣ’ ಎಂದರು ಭಾಭಿ.

ಇದಾಗಿ ಎರಡು ವರ್ಷ. ಮನೆ ಕೇಳಲು ಹೋದ ಕಡೆಯೆಲ್ಲ ಹಿಂದಿನ ಮಾಲೀಕರ ಪತ್ರ ತನ್ನಿ ಅನ್ನುತ್ತಾರೆ. ಭಾಯ್ ಈಗ ಬೇರೆ ಮೂವರ ಜೊತೆ ಒಂದು ಕೋಣೆಯಲ್ಲಿದ್ದಾರೆ. ಭಾಭಿ, ಮಕ್ಕಳು ದಾವಣಗೆರೆಯಲ್ಲಿ. ಆ ಮಗು ಅಪ್ಪನನ್ನು ಫೋನಿನಲ್ಲಿ ಮಾತ್ರ ಗುರುತಿಸುತ್ತದೆ. ಝೋಯಾ ಜರ್ಮನ್ ಮರೆತಿದ್ದಾಳೆ. ‘ಕಿರಣ್ ಚಾಚಾ, ಆ ಪೋಸ್ಟ್‌ಮನ್‌ನ ಮಾಡು’ ಅನ್ನುತ್ತಾಳೆ, ಅಚ್ಚ ಕನ್ನಡದಲ್ಲಿ. ದೀಪಾವಳಿಯ ದಿನ ಭಾಯ್ ಮೊದಲ ಸಾಲಿನಲ್ಲಿ ಕೂತು, ಪಕ್ಕದವರಿಗೆ ‘ನಮ್ಮನೇದೇ ಕಥೆ ಇದು’ ಎಂದು ಹೇಳಿ ಹೇಳಿ ನಕ್ಕರು. ಅಂಚೆಯವನು ಸೀಟಿನ ಮೇಲಿಟ್ಟು ಬರೆಯುತ್ತಾನೆ, ಪೆನ್ನಿಗೆ ಮುಚ್ಚಳ ಹಾಕುತ್ತಾನೆ — ಕಣ್ಣಾರೆ ನೋಡದೆ ಅದನ್ನು ಮಾಡುವುದು ಹೇಗೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಜೋಕು ಹೊಡೆಯುತ್ತಿದ್ದೆ.

ಲಕೋಟೆಗಳು ಇನ್ನೂ ನನ್ನ ಬಳಿ ಇವೆ. ತೆರೆದಿಲ್ಲ. ಅಂಚೆಯವನ ತಾರೀಕು ಹಾಗೇ ಇದೆ, ನೀಟಾಗಿ. ಅವನ ಕಚೇರಿಗೆ ನಿಜ ಬರೆದು ಕಳಿಸಿದ್ದೇನೆ. ಲಾಯರಮ್ಮನನ್ನೂ ಕೇಳಿದೆ, ಈಗ ಸಹಿ ಹಾಕಿದರೂ ಮನೆ ವಾಪಸು ಬರುವುದಿಲ್ಲ ಎಂದರು. ಹಾಕುತ್ತೇನೆ ಎಂದೆ.

ಈ ಸಂಚಿಕೆ ನಿಮ್ಮ ಕೈಗೆ ಬರುವ ಮೊದಲೇ ಅವು ಭಾಯ್ ಕೈಗೆ ಹೋಗಿರುತ್ತವೆ, ಈ ಬರಹದ ಜೊತೆ. ಪೆಟ್ಟಿಗೆಗೆ ಹಾಕಿ ಬಂದರೆ ಇಲ್ಲಿಯ ಕಾನೂನಿಗೆ ಸಾಕು. ಹಾಕುವುದಿಲ್ಲ. ನಾಳೆ ಭಾನುವಾರ, ಭಾಯ್ ಮನೆಯಲ್ಲಿರುತ್ತಾರೆ. ಬೆಲ್ ಒತ್ತಿ, ಕೈಯಲ್ಲೇ ಕೊಟ್ಟು, ಅವರು ಕೊನೆಯ ಸಾಲು ಓದುವವರೆಗೆ ಬಾಯಿ ಮುಚ್ಚಿಕೊಂಡು ಎದುರಿಗೆ ನಿಂತಿರುತ್ತೇನೆ.