ಬಾಯಿ ತುಂಬ ಗುಂಡುಸೂಜಿ

ನಮ್ಮ ಅತ್ತಿಗೆಯ ಬಾಯಲ್ಲಿ ಯಾವಾಗ ನೋಡಿದ್ರೂ ನಾಲ್ಕೈದು ಗುಂಡುಸೂಜಿ. ಹೊಲಿಗೆ ಅಂಗಡಿಯವರು ಅಂದಮೇಲೆ ಅದರಲ್ಲೇನು ವಿಶೇಷ ಅಂತೀರಿ. ಇರಿ, ಹೇಳ್ತೀನಿ. ಬಟ್ಟೆಯ ಅಂಚು ಮಡಿಸೋ ಹೊತ್ತಲ್ಲಿ ನಮ್ಮ ಕಸುಬಿನವರೆಲ್ಲ ಸೂಜಿ ಬಾಯಲ್ಲಿಟ್ಕೋತಾರೆ, ಕೆಲಸ ಮುಗಿದ ಮೇಲೆ ಡಬ್ಬಿಗೆ ಹಾಕ್ತಾರೆ. ಅತ್ತಿಗೆಯದು ತಿರುಗಾಮುರುಗಾ. ಕೆಲಸ ಮಾಡುವಾಗ ಬಾಯಿ ಖಾಲಿ. ಯಾರಾದ್ರೂ ಮಾತಾಡೋಕೆ ಬಂದ್ರೆ ಸಾಕು, ಡಬ್ಬಿಯಿಂದ ಸೂಜಿ ತೆಗೆದು ತುಟಿಯಲ್ಲಿ ಕಚ್ಕೊಂಡು ಕೂತುಬಿಡ್ತಾರೆ.

ಅಣ್ಣ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅಂಗಡಿ ನಡೆಸೋದು ನಾವು ಮೂರು ಜನ. ಅತ್ತಿಗೆ ಅಳತೆ ತಗೋತಾರೆ, ನನ್ನ ಮಗಳು ಬಟ್ಟೆ ಕತ್ತರಿಸ್ತಾಳೆ, ನಾನು ಹೊಲೀತೀನಿ. ಉದ್ದಕ್ಕೆ ಒಂದೇ ಕೋಣೆ. ಬೀದಿ ಕಡೆ ಗಾಜಿನ ಬಾಗಿಲು, ಅದರ ಪಕ್ಕ ಅತ್ತಿಗೆಯ ಸ್ಟೂಲು, ನಡುವೆ ಮಗಳ ಮೇಜು, ಹಿಂದಿನ ಗೋಡೆಗೆ ಮುಖ ಮಾಡಿ ನನ್ನ ಮಿಷಿನ್ನು. ಗಿರಾಕಿಗಳಿಗೆ ಬೆನ್ನು ಹಾಕಿ ನನ್ನನ್ನ ಕೂರಿಸಿದ್ದು ಅಣ್ಣನೇ. ನನಗೆ ಮೂಗಿನ ತುದೀಲೇ ಕೋಪ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೂಜಿ ಕಚ್ಚೋ ಅಭ್ಯಾಸ ಎಲ್ಲಿಂದ ಬಂತು ಅನ್ನೋದು ನಮ್ಮನೇಲಿ ಎಲ್ಲರಿಗೂ ಬಾಯಿಪಾಠ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಅವರದ್ದು ಬಾಯಿ ಅಂದ್ರೆ ಬಾಯಿ. ಎದುರಿನವರು ಅರ್ಧ ಹೇಳೋದರೊಳಗೆ ಮಿಕ್ಕಿದ್ದನ್ನ ಇವರೇ ಹೇಳಿ ಮುಗಿಸೋರು. ಒಂದಿನ ಒಂದು ಶಾಲೆಯ ಗುಮಾಸ್ತರು ನಲವತ್ತು ಅಂಗಿ ಹೊಲಿಯೋಕೆ ಹೇಳೋಣ ಅಂತ ಬಂದ್ರು. ಮಾತಲ್ಲಿ ಬಲು ನಿಧಾನದ ಮನುಷ್ಯ. "ಅರ್ಧ ತೋಳು ಬೇ..." ಅನ್ನೋದರೊಳಗೆ ಅತ್ತಿಗೆ "ಆಯ್ತು ಬಿಡಿ, ಗೊತ್ತಾಯ್ತು" ಅಂದ್ರು. ಗೊತ್ತಾಯ್ತಲ್ಲ ಅಂತ ಅವರೂ ಸುಮ್ಮನೆ ಹೋದ್ರು. ಆ ಪುಣ್ಯಾತ್ಮ ಹೇಳೋಕೆ ಹೊರಟಿದ್ದು "ಬೇಡ" ಅಂತ. ಇವರು ಕೇಳಿಸ್ಕೊಂಡಿದ್ದು "ಬೇಕು" ಅಂತ. ಚಳಿಗಾಲಕ್ಕೆ ಹೊಲಿದ ನಲವತ್ತು ಅಂಗಿಗೂ ಅರ್ಧ ತೋಳು! ಅಣ್ಣ ಒಂದು ಮಾತೂ ಬೈಯಲಿಲ್ಲ, ಎಂಬತ್ತು ತೋಳನ್ನೂ ಬಿಚ್ಚಿ ಹೊಸದು ಹಾಕೋಕೆ ಕೂತ. ಅವನು ಬೈದಿದ್ರೆ ಅತ್ತಿಗೆ ತಿರುಗಿಸಿ ನಾಲ್ಕು ಮಾತಾಡಿ ಹಗುರ ಆಗ್ತಿದ್ರೋ ಏನೋ. ಬೈಯದೇ ಇದ್ದಿದ್ದು ಅವರಿಗೆ ನಾಟಿತು. ಅವತ್ತಿಂದ ಬಾಯಿಗೆ ಸೂಜಿ ಬಂತು. ಒಂದೊಂದಾಗಿ ತೆಗೆದಿಟ್ಟು ಮಾತಿಗೆ ಬಾಯಿ ಬಿಡೋಷ್ಟರಲ್ಲಿ ಎದುರಿನವರದ್ದು ಪೂರ್ತಿ ಮುಗಿದಿರುತ್ತೆ ಅನ್ನೋದು ಅವರ ಉಪಾಯ.

ಈ ಕಥೆ ಹೇಳಿ ಮನೆಗೆ ಬಂದವರನ್ನೆಲ್ಲ ನಗಿಸೋನು ನಾನೇ.

ಉಪಾಯ ಅಂದೆನಲ್ಲ, ಅದರ ಬೆಲೆ ಏನು ಅಂತ ಹೋದ ವರ್ಷ ಒಂದು ಸಲ ಕಂಡೆ. ಪಕ್ಕದ ಬೀದಿಯ ಪೋಸ್ಟ್‌ಮ್ಯಾನ್ ಎರಡು ಪ್ಯಾಂಟು ತಂದು ಸೊಂಟ ಎರಡೆರಡು ಇಂಚು ಚಿಕ್ಕದು ಮಾಡಿ ಅಂದ. ನಾನಾಗಿದ್ರೆ ಸರಿ ಅಂತ ಇಸ್ಕೊಂಡು ಚೀಟಿ ಬರೆದು ಕಳಿಸ್ತಿದ್ದೆ. ಅತ್ತಿಗೆ ಸೂಜಿ ಕಚ್ಕೊಂಡು ಅವನ ಮುಖಾನೇ ನೋಡ್ತಾ ಕೂತ್ರು. ಅವನು ಬಾಗಿಲ ತನಕ ಹೋದ, ನಿಂತ, ವಾಪಸ್ ಬಂದ. "ಹೆಚ್ಚಾದ ಬಟ್ಟೆ ಕತ್ತರಿಸಬೇಡಿ ಅಮ್ಮ, ಒಳಗೇ ಬಿಡಿ. ಹುಷಾರಿಲ್ಲದೆ ಇಳಿದು ಹೋಗಿದ್ದೀನಿ. ಮತ್ತೆ ಮೈ ತುಂಬ್ಕೋತೀನಿ ಅಂತ ಡಾಕ್ಟರ್ ಹೇಳಿದ್ದಾರೆ" ಅಂದ. ಆಮೇಲೆ ಸ್ಟೂಲು ಎಳ್ಕೊಂಡು ಕೂತು ಅರ್ಧ ಗಂಟೆ ಮಾತಾಡಿದ. ಆರು ತಿಂಗಳಿಂದ ಯಾರ ಹತ್ರಾನೂ ಹೇಳಿರಲಿಲ್ವಂತೆ. ನನಗೆ ಕೆಲಸ ಕೆಡ್ತಲ್ಲ ಅಂತ ಹೊಟ್ಟೆ ಉರೀತಿತ್ತು, ಸುಳ್ಳೇಕೆ ಹೇಳ್ಲಿ.

ಇನ್ನು ನನ್ನ ಮಗಳ ವಿಷಯ. "ಇವಳು ಥೇಟ್ ನಿಮ್ಮಣ್ಣನ ಹಾಗೆ" ಅಂತಾಳೆ ನನ್ನ ಹೆಂಡತಿ. ಒಂದು ಮಾತು ಹೇಳೋಕೆ ನಾಲ್ಕು ಸಲ ಉಸಿರು ತಗೋತಾಳೆ. ಮೊನ್ನೆ ಬೇಸಿಗೆಯಲ್ಲಿ ದೊಡ್ಡ ಊರಿನ ಗಾರ್ಮೆಂಟ್ಸಿನವರು ಅವಳ ಕೈಕೆಲಸ ನೋಡಿ ಕೆಲಸಕ್ಕೆ ಕರೆದ್ರು. ಅವತ್ತು ಕೈಯಲ್ಲಿ ಕತ್ತರಿ ಹಿಡ್ಕೊಂಡೇ ನನ್ನ ಬೆನ್ನ ಹಿಂದೆ ಬಂದು ನಿಂತಳು. "ಅಪ್ಪ, ಗಾರ್ಮೆಂಟ್ಸಿಂದ ಫೋನ್ ಬಂದಿತ್ತು. ಅಂಗಡಿ ಬಿಟ್ಟು ಹೋಗೋಕೆ ನಂಗೆ ಇಷ್ಟ..." ಅಂದಳು.

ನನ್ನ ಕಾಲು ಮಿಷಿನ್ನಿನ ಪೆಡಲ್ ಮೇಲೇ ಇತ್ತು, ತಿರುಗಿಯೂ ನೋಡಲಿಲ್ಲ. "ಇಷ್ಟ ಇದ್ರೆ ಹೋಗಮ್ಮ. ನಿನ್ನ ಕೈ ಹಿಡ್ಕೊಂಡೋರು ಯಾರು? ಸಾಕಿ, ಕೆಲಸ ಕಲಿಸಿದ್ದಕ್ಕೆ ಒಳ್ಳೇ ಬಹುಮಾನ" ಅಂದೆ. ಇನ್ನೂ ಏನೇನೋ ಅಂದೆ. ಕತ್ತರಿ ಮೇಜಿನ ಮೇಲಿಟ್ಟ ಶಬ್ದ ಕೇಳಿಸಿತು. ಮಾರನೇ ದಿನವೇ ಅವಳು ಫೋನ್ ಮಾಡಿ, ಬರ್ತೀನಿ, ಒಂದು ವರ್ಷ ಇರ್ತೀನಿ ಅಂತ ಒಪ್ಪಿಕೊಂಡಳು.

ಆಮೇಲೆ ಎರಡು ವಾರ ನಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಕತ್ತರಿಸಿದ ಬಟ್ಟೆ ನನ್ನ ಪಕ್ಕ ತಂದಿಟ್ಟು ಹೋಗೋಳು. ನಾನೂ ಮುಖ ಊದಿಸಿಕೊಂಡೇ ಇದ್ದೆ. ಅವಳು ಹೊರಡೋಕೆ ಎರಡೇ ದಿನ ಉಳಿದಾಗ, ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದ ಹೊತ್ತಲ್ಲಿ ಅತ್ತಿಗೆ ಹತ್ರ ಗೊಣಗಿದೆ. "ಬಿಟ್ಟು ಹೋಗೋಕೆ ಇಷ್ಟ ಅಂತ ನನಗೇ ಹೇಳಿದ್ಲಲ್ಲ ಅತ್ತಿಗೆ. ನಾವೇನು ಕಡಿಮೆ ಮಾಡಿದ್ವಿ?"

ಅತ್ತಿಗೆ ಸೂಜಿ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ್ರು. ಐದಿದ್ವು. "ಇಷ್ಟ ಆದ್ಮೇಲೆ ಏನಂದ್ಲೋ?"

"ಏನಂದ್ಲು ಅಂದ್ರೆ? ಇಷ್ಟ ಅಂದ್ಲು."

"ಇಷ್ಟ ಆದ್ಮೇಲೆ 'ಇದೆ'ನೂ ಬರಬಹುದು, 'ಇಲ್ಲ'ನೂ ಬರಬಹುದು. ಅವಳ ಬಾಯಿಂದ ಯಾವುದು ಬಂತು?"

ನೆನಪು ಮಾಡ್ಕೊಂಡೆ. ಎಷ್ಟು ತಡಕಾಡಿದ್ರೂ ಇಷ್ಟ ಆದ್ಮೇಲೆ ಕೇಳಿಸ್ತಿದ್ದಿದ್ದು ನನ್ನ ಗಂಟಲೇ. ನಲವತ್ತು ಅಂಗಿಯನ್ನಾದ್ರೆ ಬಿಚ್ಚಿ ಹೊಲಿಯಬಹುದಿತ್ತು.

"ನಿಮಗೆ ಗೊತ್ತಿತ್ತಾ ಅತ್ತಿಗೆ? ಹೇಳಬಾರದಿತ್ತಾ?"

"ಅವಳ ಮಾತು ಕಣೋ, ನಾನ್ಯಾಕೆ ಹೇಳ್ಲಿ? ನೀನೇ ಕೇಳು" ಅಂದ್ರು. ಟೇಪು ಕೊರಳಿಗೆ ಹಾಕ್ಕೊಂಡು, ಬೇಕಂತಲೇ ಹೊರಗೆ ಹೋದ್ರು.

ಮಗಳು ಊಟ ಮುಗಿಸಿ ಬಂದಳು. ನಾನು ಸ್ಟೂಲು ತಿರುಗಿಸಿ ಅವಳ ಕಡೆ ಮುಖ ಮಾಡಿ ಕೂತೆ. "ಅವತ್ತು ಏನೋ ಹೇಳ್ತಿದ್ದೆ. ನಾನು ಅಡ್ಡಬಾಯಿ ಹಾಕಿದೆ. ಮೊದಲಿಂದ ಹೇಳು" ಅಂದೆ.

ಅವಳು ಮೇಜಿನ ಮೇಲಿನ ಸೀಮೆಸುಣ್ಣದ ಪುಡಿ ಒರೆಸ್ತಾನೇ ಇದ್ದಳು. "ಬಿಟ್ಟು ಹೋಗೋಕೆ ಇಷ್ಟ ಇಲ್ಲ ಅಂತ ಹೇಳೋಕೆ ಬಂದಿದ್ದೆ."

ಕ್ಷಮಿಸು ಅನ್ನೋಕೆ ಬಾಯಿ ತೆರೆದೆ. ಅವಳ ತುಟಿ ಇನ್ನೂ ಅಲುಗ್ತಿತ್ತು. ನಾಲಿಗೆ ಕಚ್ಕೊಂಡು ಕೂತೆ. ಅಯ್ಯೋ, ಅದೆಷ್ಟು ಕಷ್ಟ ಅಂತೀರಿ.

"ಆದ್ರೆ ಇಲ್ಲಿ ನಾನು ಬರೀ ಕತ್ತರಿ ಅಪ್ಪ. ಕಾಲರ್ ಹೀಗಿರ್ಲಿ ಅಂದ್ರೆ ನೀನು ಕೇಳಲ್ಲ, ಗಿರಾಕಿ ಹತ್ರ ಮಾತಾಡೋಕೆ ಹೋದ್ರೆ ಕೂಗಿ ಕರೀತೀಯ. ಎರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ. ದಿನಾ ಬೆಳಿಗ್ಗೆ ಮನಸ್ಸಲ್ಲೇ ಜೋಡಿಸ್ಕೊಂಡು ಬರ್ತಿದ್ದೆ. ನಿನ್ನ ಬೆನ್ನು ನೋಡಿದ ತಕ್ಷಣ ಎಲ್ಲ ಮರ್ತು ಹೋಗ್ತಿತ್ತು."

ಅವಳದ್ದು ಮುಗೀತು ಅಂತ ಗೊತ್ತಾದ ಮೇಲೆ, "ನಂದೇ ತಪ್ಪು ಮಗಳೇ" ಅಂದೆ. ನನ್ನ ಕಣ್ಣಲ್ಲಿ ನೀರಿತ್ತು. ಹೋಗಬೇಡ ಅನ್ನೋ ಮಾತು ಗಂಟಲ ತನಕ ಬಂದಿತ್ತು, ಅದನ್ನ ನುಂಗಿಕೊಂಡೆ. ಅಲ್ಲಿಯವರಿಗೆ ಮಾತು ಕೊಟ್ಟಿದ್ದಳು. ಆ ಮಾತು ಕೊಡೋ ಹಾಗೆ ಮಾಡಿದ್ದು ನಾನು. ಆ ಎರಡು ದಿನ ಅವಳು ಮಾತಾಡಿದ್ದೇ ಮಾತಾಡಿದ್ದು. ಕಾಲರ್, ಗುಂಡಿ, ಗೆಳತಿಯರು, ಅವಳಿಗೆ ನಗು ಬರೋ ವಿಷಯಗಳು. ಇಪ್ಪತ್ನಾಲ್ಕು ವರ್ಷ ಒಂದೇ ಮನೇಲಿದ್ದೂ ಅರ್ಧಕ್ಕರ್ಧ ನನಗೆ ಹೊಸದು. ಒಂದು ಕಾಲರ್ ಅವಳು ಹೇಳಿದ ಹಾಗೇ ಹೊಲಿದೆ. ಚೆನ್ನಾಗೇ ಬಂತು, ಅದಕ್ಕೂ ಸ್ವಲ್ಪ ಹೊಟ್ಟೆ ಉರೀತು.

ಬೆಳಿಗ್ಗೆ ಏಳರ ಬಸ್ಸು. ಅತ್ತಿಗೆಯೂ ನನ್ನ ಹೆಂಡತಿಯೂ ಅಪ್ಪಿಕೊಂಡು ಬೀಳ್ಕೊಟ್ರು. ನಾನು ಚೀಲ ಮೇಲಕ್ಕೆ ಕೊಟ್ಟೆ. ಅವಳು ಕಿಟಕಿ ಪಕ್ಕ ಕೂತು ಗಾಜು ಸರಿಸಿ, "ಅಪ್ಪ, ಹೋಗಿ..." ಅಂದು ನಿಲ್ಲಿಸಿದಳು. ಬಸ್ಸು ಆಗಲೇ ಗುರ್ ಅಂತಿತ್ತು. ಹುಷಾರು, ತಲುಪಿದ ತಕ್ಷಣ ಫೋನ್ ಮಾಡು, ಹೀಗೆ ನೂರು ಮಾತು ನನ್ನ ಬಾಯಿ ತುಂಬಿತ್ತು. ಒಂದನ್ನೂ ಆಡದೆ, ಕಿಟಕಿ ಕಂಬಿ ಹಿಡ್ಕೊಂಡು ಕಾದೆ.

"ಬರ್ತೀನಿ" ಅಂದಳು.