ಕೂತು ಎದ್ದು ತೋರಿಸುತ್ತಿದ್ದ ಎಣ್ಣೆಯಣ್ಣ

ಅವರ ಪ್ಯಾಂಟಿನ ಬಲಗಾಲು ಸದಾ ಮಂಡಿಯ ಮೇಲಕ್ಕೆ ಮಡಚಿರುತ್ತಿತ್ತು. ವರ್ಷಗಟ್ಟಲೆ ಎಣ್ಣೆ ಉಜ್ಜಿ ಉಜ್ಜಿ ಆ ಮಂಡಿಯ ಕೂದಲೆಲ್ಲ ಉದುರಿ, ಚರ್ಮ ಕಪ್ಪಗೆ ಹೊಳೆಯುತ್ತಿತ್ತು.

ನಾನು ಸಕಲೇಶಪುರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮುಗಿಸಿ ಸಂಜೆ ವನಗೂರಿನ ಬಸ್ಸು ಹತ್ತುತ್ತೇನೆ. ಬಸ್ಸು ಹೊರಡುವ ಮುಂಚೆ ಎಣ್ಣೆಯಣ್ಣ ಹತ್ತುತ್ತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಮಂಡಿನೋವಿನ ಎಣ್ಣೆಯ ಸಣ್ಣ ಬಾಟಲಿ. ಕೂಗುತ್ತಿರಲಿಲ್ಲ. ಮೊದಲು ಸುಮ್ಮನೆ ನಿಂತು ಒಂದೊಂದೇ ಮುಖ ನೋಡಿ, “ಯಾರ್ಗೆ, ಎಲ್ಲಿ ನೋಯ್ತೈತೆ?” ಎನ್ನುತ್ತಿದ್ದರು. ಅಷ್ಟಕ್ಕೆ ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತುತ್ತಿದ್ದರು. ನನ್ನ ಗಂಡ ತೀರಿಕೊಂಡ ವರ್ಷ, ಇಡೀ ದಿನದಲ್ಲಿ ನನ್ನ ಮುಖ ನೋಡಿ ಹಾಗೆ ಕೇಳುತ್ತಿದ್ದವರು ಅವರೊಬ್ಬರೇ. ಮಾರುವ ಮಾತೆಂದು ಗೊತ್ತಿತ್ತು. ಆದರೂ ಕಾಯುತ್ತಿದ್ದೆ.

ಆಮೇಲೆ ತೋರಿಸುವುದು. ಎಣ್ಣೆಯನ್ನು ಬೆಳಿಗ್ಗೆ ಮನೆಯಲ್ಲೇ ಹಚ್ಚಿಕೊಂಡು ಬರುತ್ತಿದ್ದರು. ಎರಡೂ ಕೈ ಮೇಲೆತ್ತಿ, ಏನನ್ನೂ ಹಿಡಿಯದೆ, ಸೀಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹಾಗೇ ಏಳುತ್ತಿದ್ದರು.

“ಅರವತ್ತು ದಾಟೈತೆ ಕಣ್ರವ್ವ ನಂಗೆ. ಡಾಕ್ಟ್ರು ಏಳ್ತಾರಾ ಹಿಂಗೆ?”

“ಮಂಡಿ ಸರಿ ಮಾರಾಯ, ನಾಲ್ಗೆಗೂ ಅದ್ನೇ ಹಚ್ತೀಯಾ?” ಎಂದು ಕಂಡಕ್ಟರ್ ರೇಗಿಸುತ್ತಿದ್ದ.

“ನಿನ್ ಬಸ್ಸಿಗೆ ಹಚ್ಬೇಕು ಕಣೋ, ಏರಲ್ಲಿ ಮುಲುಕ್ತೈತೆ.”

ಜನ ಕೊಳ್ಳುತ್ತಿದ್ದದ್ದು ಮಾತಿಗಲ್ಲ, ಆ ಏಳುವುದಕ್ಕೆ. ಏಳಲಾಗದಿದ್ದರೆ ಆ ದಿನಕ್ಕೆ ಅನ್ನವಿಲ್ಲ ಎಂಬುದು ಎಣ್ಣೆಯಣ್ಣನಿಗೆ ಗೊತ್ತಿತ್ತು.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಸಂಜೆ, ಕೂತವರು ಏಳಲಿಲ್ಲ. ಕೈಗಳು ಮೇಲೆಯೇ ಇದ್ದವು. ಇದೂ ಆಟವೆಂದು ಜನ ನಕ್ಕರು. ನಾನು ಪಕ್ಕದ ಸೀಟಿನಲ್ಲಿದ್ದೆ. ಅವರ ತುಟಿ ಬಿಳಿಚಿದ್ದು ಕಂಡಿತು. ಕೈ ಚಾಚಿದೆ. ಹಿಡಿಯಲಿಲ್ಲ. ಕಂಬಿ ಹಿಡಿದು ಹೇಗೋ ಎದ್ದು ನಿಂತು, “ನೋಡುದ್ರಾ? ಇವತ್ತು ಹಚ್ಚಾದು ಮರ್ತ್‌ಬುಟ್ಟೆ. ಹಚ್ದೆ ಇದ್ರೆ ಹಿಂಗೇ!” ಎಂದು ನಕ್ಕರು.

ಚೀಲದ ಬಾಟಲಿಗಳೆಲ್ಲ ಖರ್ಚಾದವು. ಇಳಿಯುವಾಗ ನನ್ನ ಕಡೆ ಬಗ್ಗಿ, “ಇವತ್ತು ಎಲ್ಡು ಸಲ ಹಚ್ಚಿದ್ದೆ ಕಣವ್ವ,” ಎಂದರು.

ಮುಂದಿನ ವಾರ ಮತ್ತೆ ಬಂದರು. ಮಾತು ಮೊದಲಿನಂತೆಯೇ ಇತ್ತು, ಕೂರಲಿಲ್ಲ. ಹಿಂದಿನ ಸೀಟಿನಿಂದ ಒಬ್ಬ ಮುದುಕಿ, “ಅದೆಲ್ಲ ಇರ್ಲಿ ಕಣಣ್ಣ, ಕೂತು ಎದ್ದು ತೋರ್ಸು. ನಂಗೂ ಮಂಡಿ ಹಿಡ್ಕಂಡೈತೆ,” ಎಂದಳು. ಅವಳದು ಚೇಷ್ಟೆಯಲ್ಲ. ನಿಜವಾಗಿಯೂ ನೋಡಬೇಕಿತ್ತು. ಬಸ್ಸೆಲ್ಲ ಅವರನ್ನೇ ನೋಡಿತು. ಅವರು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ನಿಂಗ್ ಬ್ಯಾಡ ಬುಡವ್ವ,” ಎಂದು ಚೀಲಕ್ಕೆ ಹಾಕಿದರು.

ಎರಡೂ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿದರು. ಅವರು ಇಳಿದು ಮುಗಿಯುವ ತನಕ ಕಂಡಕ್ಟರ್ ಸೀಟಿ ಊದಲಿಲ್ಲ.

ಆಮೇಲೆ ಅವರು ಯಾವ ಬಸ್ಸನ್ನೂ ಹತ್ತಲಿಲ್ಲ. ಹಾಸಿಗೆ ಹಿಡಿದರೆಂದು ಕಂಡಕ್ಟರ್ ಹೇಳಿದ. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ನಾನು ಅವರ ಮನೆ ಕೇಳಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ ಹೊಸ್ತಿಲ ಬಳಿ ಕೂತಿದ್ದರು.

“ಬಲಗಾಲು ನೆಟ್ಟಗೆ ಮಾಡಾಕಾಗ್ಲಿಲ್ಲ ಕಣವ್ವ. ಮಡುಚ್ಕಂಡೇ ಇತ್ತು. ಹಂಗೇ ಮಣ್ಣು ಮಾಡುದ್ರು.”

ನಾನು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವರು ಒಳಗೆ ಹೋಗಿ ಒಂದು ಬಾಟಲಿ ತಂದು, ಸೆರಗಿನಿಂದ ಧೂಳು ಒರೆಸಿ, ನನ್ನ ಮುಂದೆ ಹಿಡಿದರು.

“ಇನ್ನೂ ಒಂದಷ್ಟು ಅವೆ. ಮಂಡಿಗೆ ಒಳ್ಳೇದು...” ಎಂದವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮಾತು ಹುಡುಕುವಂತೆ ನನ್ನ ಮುಖ ನೋಡಿದರು. “ಅವ್ರಂಗೆ ಹೇಳಾಕೆ ನಂಗೆ ಬರಾಕಿಲ್ಲ ಕಣವ್ವ.”

ಬಾಟಲಿ ತೆಗೆದುಕೊಂಡೆ.