ಏನೂ ಆಗಲ್ಲ

ನಾನು ಡಿಗ್ರಿ ಮಾಡಲಾರೆ ಎಂದು ಮೊದಲು ಹೇಳಿದವರು ನನ್ನ ಸೋದರತ್ತೆ ಜಯಮ್ಮನವರು. ಹೇಳಿದ್ದು ಇಂಗ್ಲಿಷರ ನಾಡಿನ ಟೂಟಿಂಗಿನಲ್ಲಿದ್ದ ಅವರ ಅಡುಗೆಮನೆಯಲ್ಲಿ, ನಾನು ಮಾಡಿದ ತಿಳಿಸಾರನ್ನು ಒಂದು ಚಮಚ ಬಾಯಿಗೆ ಬಿಟ್ಟುಕೊಂಡ ಮೇಲೆ. "ಸಾರಿಗೆ ಉಪ್ಪು ಹಾಕೋದು ನೆನಪಿರಲ್ಲ, ಇಂಗ್ಲಿಷಲ್ಲಿ ಪರೀಕ್ಷೆ ಬರೀತಾಳಂತೆ. ನಿನ್ನ ಕೈಲಿ ಏನೂ ಆಗಲ್ಲ ಕಣೇ."

ನನಗಾಗ ಮೂವತ್ತೇಳು. ಅಪ್ಪ ನಂಜನಗೂಡಿನಲ್ಲಿ ಟೈಲರ್ ಆಗಿದ್ದವರು. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಹೌನ್ಸ್ಲೋದಲ್ಲಿ ವಿಮಾನಗಳಿಗೆ ಊಟದ ತಟ್ಟೆ ಜೋಡಿಸುವ ಕೆಲಸ ಮುಗಿಸಿ ಸಂಜೆಯ ತರಗತಿಗೆ ಓಡುತ್ತಿದ್ದೆ. ಮೂರು ವರ್ಷದ ಓದನ್ನು ಆರು ವರ್ಷ ಓದಿ ಪಾಸಾದೆ. ಇದನ್ನು ಜೋರಾಗಿಯೇ ಹೇಳುತ್ತೇನೆ; ಕಷ್ಟಪಟ್ಟು ಸಿಕ್ಕಿದ್ದನ್ನು ಪಿಸುಗುಟ್ಟುವ ವಿನಯ ನನಗೆ ಒಗ್ಗಿಲ್ಲ. ಆ ಆರು ವರ್ಷವೂ ನನ್ನನ್ನು ಓದಿಸಿದ್ದು ಒಂದೇ ಆಸೆ. ಸರ್ಟಿಫಿಕೇಟನ್ನು ಅತ್ತೆಯ ಕೈಗಿಡಬೇಕು, ಅವರ ಮುಖ ಉಪ್ಪಿಲ್ಲದ ಸಾರಿನಷ್ಟು ಸಪ್ಪೆಯಾಗುವುದನ್ನು ನಿಂತು ನೋಡಬೇಕು.

ಫಲಿತಾಂಶ ಬರುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಗಡ್ಡೆ ಬೇರೆ ಕಡೆಗೂ ಹಬ್ಬಿತ್ತು. ಆಸ್ಪತ್ರೆಯವರು ದುಭಾಷಿ ಬೇಕೇ ಎಂದು ಕೇಳಿದರೆ ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಇನ್ನು ಮುಂದೆ ಇವರನ್ನು ಕಂಫರ್ಟಬಲ್ ಆಗಿ ಇಡುವುದೇ ನಮ್ಮ ಗುರಿ ಎಂದರು. ನಾನು ಪದವೀಧರೆಯ ಗತ್ತಿನಲ್ಲಿ ಅನುವಾದಿಸಿದೆ: "ಆರಾಮಾಗ್ತೀರಂತೆ ಅತ್ತೆ. ಏನೂ ಆಗಲ್ಲ."

ಮನೆಗೆ ಹೋಗುವಾಗ ಟ್ಯೂಬ್ ರೈಲಿನಲ್ಲಿ, ಆ ಡಾಕ್ಟರು ಕುರ್ಚಿಯನ್ನು ಅಷ್ಟು ಹತ್ತಿರ ಎಳೆದುಕೊಂಡದ್ದೇಕೆ ಎಂದು ಯೋಚಿಸುತ್ತಿದ್ದಾಗ ತಟ್ಟನೆ ಹೊಳೆಯಿತು. ವಾಸಿ ಮಾಡುತ್ತೇವೆ ಎಂದು ಅವರು ಹೇಳಿರಲೇ ಇಲ್ಲ. ಇರುವಷ್ಟು ದಿನ ನೋವಾಗದಂತೆ ನೋಡಿಕೊಳ್ಳುತ್ತೇವೆ ಎಂದಿದ್ದರು. ನನ್ನ ಆರು ವರ್ಷದ ಇಂಗ್ಲಿಷು ಒಂದು ಪದಕ್ಕೆ ಎಡವಿ ಬಿದ್ದಿತ್ತು. ಮರುದಿನ ಹೋಗಿ ತಿದ್ದಬಹುದಿತ್ತು. ಧೈರ್ಯ ಬರಲಿಲ್ಲ. ಬದಲಿಗೆ ದಿನಕ್ಕೆರಡು ಸಲ ಫೋನು ಮಾಡಿ "ಏನೂ ಆಗಲ್ಲ ಅತ್ತೆ" ಎನ್ನತೊಡಗಿದೆ.

ಸಾಂತ್ವನದ ಮಟ್ಟಿಗೆ ಕನ್ನಡ ಸ್ವಲ್ಪ ಜಿಪುಣ ಭಾಷೆ ಎಂದು ನನ್ನ ಅನುಮಾನ. ನಮ್ಮ ಬದುಕೆಲ್ಲ 'ಆಗು' ಎಂಬ ಒಂದು ಧಾತುವಿನ ಮೇಲೆ ನಡೆಯುತ್ತದೆ. ಊಟ ಆಯ್ತಾ, ಮದುವೆ ಆಯ್ತಾ, ಮಕ್ಕಳಾದವಾ, ಮಲಗಿದವರಿಗೆ ಏನಾಯ್ತು, ಎಲ್ಲ ಮುಗಿದಾಗ, ದನಿ ತಗ್ಗಿಸಿ, ಆಗೋಯ್ತು. ಹೀಗಾಗಿ ಹೆದರಿದವರಿಗೆ ಕೊಡಲು ನಮ್ಮ ಬಳಿ ಇರುವುದು 'ಏನೂ ಆಗಲ್ಲ' ಒಂದೇ. ತಮಾಷೆಯೆಂದರೆ ಹೀಗಳೆಯುವುದಕ್ಕೂ ಅದೇ ಮಾತು. ನಿನ್ನ ಕೈಲಿ ಏನೂ ಆಗಲ್ಲ. ನಿನಗೆ ಏನೂ ಆಗಲ್ಲ. ಒಂದು ವಿಭಕ್ತಿ ಬದಲಾದರೆ ಬೈಗುಳ ಔಷಧಿಯಾಗುತ್ತದೆ. ಎರಡನ್ನೂ ಹೇಳುವವರಿಗೆ ಮುಂದೇನಾಗುತ್ತದೆ ಎಂದು ಗೊತ್ತಿರುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ನನ್ನ ಔಷಧಿ ನಾಟಲಿಲ್ಲ. ಅತ್ತೆ ದಿನೇದಿನೇ ಸಭ್ಯರಾಗುತ್ತ ಹೋದರು. ನನಗೆ ಹೆದರಿಕೆ ಹುಟ್ಟಿಸಿದ್ದು ಅದು. ನೀರು ಕೊಟ್ಟರೆ ಥ್ಯಾಂಕ್ಯೂ ಎನ್ನುವರು. ಹೊದಿಕೆ ಸರಿಮಾಡಿದರೆ "ನಿಂಗೆ ತೊಂದ್ರೆ ಕಣಮ್ಮ" ಎನ್ನುವರು. ಹುಟ್ಟಿದಾಗಿನಿಂದ ನಾನು ಅವರಿಗೆ 'ಕಣೇ' ಆಗಿದ್ದವಳು. ಈಗ 'ಕಣಮ್ಮ' ಆಗಿದ್ದೆ, ಯಾರೋ ಪಕ್ಕದ ಫ್ಲಾಟಿನವಳ ಹಾಗೆ. ಮನುಷ್ಯರು ಎದುರಿಗೇ ಇರುವಾಗ ಅವರಿಗಾಗಿ ಹಂಬಲಿಸುವುದು ವಿಚಿತ್ರ ಸಂಕಟ. ಒಂದೇ ಒಂದು ಬೈಗುಳಕ್ಕಾಗಿ ನಾನು ಹಾತೊರೆದೆ. ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಸಾರು ಮಾಡಿ ಒಯ್ದೆ. ಅತ್ತೆ ನಾಲ್ಕು ಚಮಚ ಕುಡಿದು, ಬಾಯಿ ಒರೆಸಿಕೊಂಡು, "ಚೆನ್ನಾಗಿದೆ ಕಣಮ್ಮ" ಎಂದರು. ಅಂದು ಬಸ್ ಸ್ಟಾಪಿನಲ್ಲಿ ನನ್ನ ಬಸ್ಸು ಎರಡು ಸಲ ಬಂದರೂ ಹತ್ತದೆ ಕೂತಿದ್ದೆ.

ಪದವಿ ಪ್ರದಾನದ ಮರುದಿನ ಸರ್ಟಿಫಿಕೇಟನ್ನು ಫೈಲಿನಲ್ಲಿಟ್ಟುಕೊಂಡು, ಸಾರಿನ ಫ್ಲಾಸ್ಕು ಹಿಡಿದು ಟೂಟಿಂಗಿಗೆ ಹೋದೆ. ಆರು ವರ್ಷದ ಕನಸು ಬಗಲಲ್ಲಿತ್ತು. ಆದರೆ ಆಸೆ ತಿರುಗಾಮುರುಗಾ ಆಗಿತ್ತು. ಎಲ್ಲಿ ಅತ್ತೆ ನನ್ನನ್ನು ಹೊಗಳಿಬಿಡುತ್ತಾರೋ ಎಂದು ಹೆದರಿದ್ದೆ.

ಕೊಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡರು. ಪಾಸ್‌ಪೋರ್ಟಿನ ದೆಸೆಯಿಂದ ಈ ದೇಶದಲ್ಲಿ ಅಪ್ಪನ ಹೆಸರೇ ನನ್ನ ಸರ್‌ನೇಮು. ಅವರ ಬೆರಳು ನನ್ನ ಹೆಸರನ್ನು ದಾಟಿ 'ಪುಟ್ಟಸ್ವಾಮಿ'ಯ ಮೇಲೆ ಬಹಳ ಹೊತ್ತು ನಿಂತಿತು.

"ನಮ್ಮಣ್ಣನೂ ಪಾಸಾದ ಅನ್ನು" ಎಂದರು. ಆಮೇಲೆ, ಕಾಗದದಿಂದ ಕಣ್ಣೆತ್ತದೆಯೇ, "ನಿನ್ನ ಕೈಲಿ ಏನೂ ಆಗಲ್ಲ ಅಂತ ನಾನಂದೆ. ಆಯ್ತು. ಈಗ ನಂಗೇನೂ ಆಗಲ್ಲ ಅಂತ ನೀನಂತಿದೀಯ."

ನಾನು ಫ್ಲಾಸ್ಕನ್ನು ಮಂಚದ ಪಕ್ಕಕ್ಕಿಟ್ಟೆ.

"ಡಾಕ್ಟ್ರು ಹೇಳಿದ್ದು ನಂಗೂ ತಿಳೀತು ಕಣೇ. ಮೂವತ್ತು ವರ್ಷ ಇಲ್ಲಿ ಹೋಟ್ಲಲ್ಲಿ ದೋಸೆಹಿಟ್ಟು ರುಬ್ಬಿದೀನಿ, ಅಷ್ಟು ಇಂಗ್ಲಿಷು ಬರಲ್ವಾ? ನೀನು ಬಾಯಿ ತುಂಬ ಹೇಳ್ತಿದ್ದೆ, ಹೇಳ್ಕೊಳ್ಳಲಿ ಅಂತ ಸುಮ್ನಿದ್ದೆ. ಇನ್ನು ಇಬ್ರೂ ಆ ಮಾತು ಬಿಡಣ."

"ಮತ್ತೆ ನಾನು ಏನು ಹೇಳ್ಲಿ ಅತ್ತೆ?"

"ಹೇಳೋದೇನು, ಇಲ್ಲಿ ಕೂತ್ಕೋ" ಎಂದು ಅತ್ತೆ ಸರ್ಟಿಫಿಕೇಟನ್ನು ದಿಂಬಿನ ಕೆಳಗೆ ಸೇರಿಸಿದರು. "ಆ ಫ್ಲಾಸ್ಕು ತೆಗಿ. ಉಪ್ಪು ಹಾಕಿದೀಯೋ, ಅವತ್ತಿನ ಥರ ಇವತ್ತೂ ಮರೆತ್ಯೋ?"